ಹತ್ತು ಗಾಲಿಯ ಅದಿರು ಟಿಪ್ಪರ್: 1:24 ಅಳತೆಯಲ್ಲಿ ಕಟ್ಟಿ ಬಣ್ಣ ಹಚ್ಚಿದ ವಿವರ

ಸಂಡೂರಿನಲ್ಲಿರುವ ನನ್ನ ಸೋದರಮಾವನ ಮನೆಯ ಹಿಂದಿನ ಬಯಲಿನಲ್ಲಿ, ಬೇವಿನ ಮರದ ಕೆಳಗೆ, ಒಂದು ಟಾಟಾ 2516 ಟಿಪ್ಪರ್ ಬಹಳ ವರ್ಷಗಳಿಂದ ನಿಂತಿದೆ. ಎಂಜಿನ್ನು ಮತ್ತು ಗೇರ್‌ಬಾಕ್ಸು ಎಂದೋ ಮಾರಾಟವಾಗಿವೆ. ಚಾಸಿ, ಕ್ಯಾಬಿನ್, ಅದಿರು ತುಂಬುವ ಬಾಡಿ ಮತ್ತು ಬಿಸಿಲಿಗೆ ಬಿರಿದ ಟೈರುಗಳು ಉಳಿದಿವೆ. ಕಳೆದ ಡಿಸೆಂಬರಿನ ಎರಡು ಭಾನುವಾರ ಬಳ್ಳಾರಿಯಿಂದ ಹೋಗಿ, ಟೇಪು ಹಿಡಿದು ಆ ಗಾಡಿಯ ಅಡಿಯಲ್ಲಿ ಮಲಗಿ, ಮೇಲೆ ಹತ್ತಿ, ಸಿಕ್ಕಿದ ಎಲ್ಲ ಅಳತೆಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದೆ. ಅಲ್ಲಿಂದ ಏಳು ತಿಂಗಳು ಸಂಜೆಯ ಹೊತ್ತು ಮತ್ತು ರಜೆಯ ದಿನಗಳಲ್ಲಿ ಆ ಗಾಡಿಯ ಪುಟ್ಟ ಮಾದರಿಯನ್ನು, 24ರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಕಟ್ಟಿದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಹವ್ಯಾಸವಿರುವವರಿಗೆ, ಅದರಲ್ಲೂ ನಮ್ಮ ರಸ್ತೆಯ ಗಾಡಿಗಳನ್ನೇ ಕಟ್ಟಬೇಕೆಂಬ ಆಸೆಯಿರುವವರಿಗೆ, ನಾನು ಎಡವಿದ ಜಾಗಗಳು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಇದಕ್ಕೂ ಮುಂಚೆ ನಾನು ಕಟ್ಟಿದ ನಾಲ್ಕು ಲಾರಿಗಳೂ ಕಿಟ್‌ಗಳು. ಇಟಲೇರಿ ಮತ್ತು ರೆವೆಲ್ ಕಂಪನಿಗಳ 1:24 ಅಳತೆಯ ಕಿಟ್‌ಗಳಲ್ಲಿ ಯುರೋಪಿನ ಮತ್ತು ಅಮೆರಿಕದ ಲಾರಿಗಳು ಬರುತ್ತವೆ. ಅಮೆರಿಕದ ಎಎಂಟಿ ಕಂಪನಿಯವು 1:25. ಭಾಗಗಳೆಲ್ಲ ಅಚ್ಚಿನಲ್ಲಿ ಎರಕವಾಗಿ ಬಂದಿರುವುದರಿಂದ ಕತ್ತರಿಸಿ, ಉಜ್ಜಿ, ಅಂಟಿಸಿದರೆ ಗಾಡಿ ನಿಲ್ಲುತ್ತದೆ. ಆದರೆ ನಾನು ಚಿಕ್ಕವನಿದ್ದಾಗಿನಿಂದ ತೋರಣಗಲ್ಲು, ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಕಂಡದ್ದು ಬೇರೆ ಗಾಡಿ. ಅದನ್ನು ಕಟ್ಟಬೇಕಾದರೆ ಬರೀ ಪ್ಲಾಸ್ಟಿಕ್ ಹಾಳೆಯಿಂದಲೇ ಶುರು ಮಾಡಬೇಕು.

2516 ಎಂಬ ಸಂಖ್ಯೆಯಲ್ಲೇ ಗಾಡಿಯ ಗುಣವಿದೆ: ಸರಕು ಸೇರಿ ಒಟ್ಟು 25 ಟನ್ ತೂಕ, ಸುಮಾರು 160 ಅಶ್ವಶಕ್ತಿ. ಮೂರು ಆಕ್ಸಲ್‌ಗಳು, ಮುಂದೆ ಎರಡು ಗಾಲಿ, ಹಿಂದೆ ಎಂಟು. ಮೂರು ಆಕ್ಸಲ್ ಗಾಡಿಗಳ ಮಿತಿಯನ್ನು 2018ರಲ್ಲಿ 28.5 ಟನ್ನಿಗೆ ಏರಿಸಿದರು. ಮಾವನ ಗಾಡಿ ಓಡಿದ್ದು ಅದಕ್ಕೂ ಮುಂಚಿನ ಕಾಲದಲ್ಲಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ದಿನಗಳಲ್ಲಿ ಈ ಗಾಡಿ ಬೇವಿನ ಮರದ ಕೆಳಗೆ ಬಂದು ನಿಂತಿತು. 2013ರಲ್ಲಿ ಕೋರ್ಟು ಕೆಲವು ಗಣಿಗಳಿಗೆ ಮತ್ತೆ ಅನುಮತಿ ಕೊಟ್ಟಿತಾದರೂ ಇದು ಮರಳಿ ರಸ್ತೆಗೆ ಇಳಿಯಲಿಲ್ಲ. ನಾನು ಕಟ್ಟಲು ಹೊರಟದ್ದು ನಿಂತ ಗಾಡಿಯನ್ನಲ್ಲ, ಅದಿರು ತುಂಬಿಕೊಂಡು ಗಣಿಯಿಂದ ಇಳಿದು ಬರುತ್ತಿದ್ದ ಗಾಡಿಯನ್ನು. ಈ ಎರಡರ ನಡುವಿನ ಅಂತರ ನನಗೆ ಅರ್ಥವಾಗಲು ಐದು ತಿಂಗಳು ಬೇಕಾದವು.

1:24 ಅಳತೆಯನ್ನು ಆರಿಸಿದ್ದಕ್ಕೆ ಒಂದು ಅನುಕೂಲದ ಕಾರಣವಿದೆ. ನಮ್ಮಲ್ಲಿ ಲಾರಿಗೆ ಬಾಡಿ ಕಟ್ಟುವವರು ಈಗಲೂ ಅಡಿ, ಅಂಗುಲದಲ್ಲೇ ಮಾತನಾಡುತ್ತಾರೆ. 1:24ರಲ್ಲಿ ಒಂದು ಅಡಿ ಅಂದರೆ ಸರಿಯಾಗಿ ಅರ್ಧ ಅಂಗುಲ. ಗಾಡಿಯ ಉದ್ದ 23 ಅಡಿ ಇದ್ದರೆ ಮಾದರಿ ಹನ್ನೊಂದೂವರೆ ಅಂಗುಲ. ಅಗಲ 8 ಅಡಿ ಇದ್ದರೆ 4 ಅಂಗುಲ. ಬಾಡಿಯ ಒಳ ಅಳತೆ 14 ಅಡಿ ಉದ್ದ, ಏಳೂವರೆ ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರವಿತ್ತು. ಅದು 7 ಅಂಗುಲ, ಮೂರೂ ಮುಕ್ಕಾಲು ಅಂಗುಲ, ಎರಡೂ ಕಾಲು ಅಂಗುಲವಾಯಿತು. ಕ್ಯಾಲ್ಕ್ಯುಲೇಟರ್ ಬೇಕಾದದ್ದು ಸಣ್ಣ ಭಾಗಗಳಿಗೆ ಮಾತ್ರ.

ಸಾಮಾನುಗಳ ವಿಷಯದಲ್ಲಿ ಹೊರಗಿನಿಂದ ಏನನ್ನೂ ತರಿಸಬಾರದೆಂದು ನಿಶ್ಚಯಿಸಿದ್ದೆ. ಬೋರ್ಡು ಬರೆಯುವ ಅಂಗಡಿಗಳಲ್ಲಿ ಸನ್‌ಬೋರ್ಡ್ ಎಂದು ಕರೆಯುವ ಪಿವಿಸಿ ಫೋಮ್ ಹಾಳೆ 3 ಮತ್ತು 5 ಮಿಲಿಮೀಟರ್ ದಪ್ಪದಲ್ಲಿ ಸಿಗುತ್ತದೆ. ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿದರೆ ಕೊಡುತ್ತಾರೆ. ತೆಳುವಾದ ಭಾಗಗಳಿಗೆ ಅವಧಿ ಮುಗಿದ ಎಟಿಎಂ ಕಾರ್ಡುಗಳು ಬಹಳ ಒಳ್ಳೆಯವು, ಏಕೆಂದರೆ ಎಲ್ಲ ಬ್ಯಾಂಕುಗಳ ಕಾರ್ಡುಗಳೂ ಒಂದೇ ದಪ್ಪ, 0.76 ಮಿಲಿಮೀಟರ್. ಮನೆಯವರ, ಗೆಳೆಯರ ಹಳೆಯ ಕಾರ್ಡುಗಳು ಸೇರಿ ಇಪ್ಪತ್ತೆರಡು ಒಟ್ಟಾದವು. ಎರಡೂ ಪಿವಿಸಿ ಆಗಿರುವುದರಿಂದ ನೀರಿನ ಪೈಪಿಗೆ ಹಾಕುವ ಸಾಲ್ವೆಂಟ್ ಸಿಮೆಂಟಿನಿಂದಲೇ ಅವು ಬೆಸೆದುಕೊಳ್ಳುತ್ತವೆ. ಡಬ್ಬಿಯಲ್ಲಿರುವ ಬ್ರಷ್ಷು ತೀರ ದಪ್ಪ. ಊದುಬತ್ತಿಯ ಕಡ್ಡಿಯ ತುದಿಯಿಂದ ಒಂದು ಹನಿ ತೆಗೆದು ಸಂದಿಗೆ ಮುಟ್ಟಿಸಿದರೆ ಸಾಕು.

ಚಾಸಿಯ ಎರಡು ಉದ್ದ ತೊಲೆಗಳನ್ನು 5 ಮಿಲಿಮೀಟರ್ ಸನ್‌ಬೋರ್ಡಿನಲ್ಲಿ ಕತ್ತರಿಸಿ, ಹೊರಮೈಗೆ ಕಾರ್ಡಿನ ಪಟ್ಟಿಗಳನ್ನು ಅಂಟಿಸಿ ಸಿ ಆಕಾರ ಕೊಟ್ಟೆ. ನಿಜವಾದ ತೊಲೆಯ ಎತ್ತರ ಒಂಬತ್ತೂವರೆ ಅಂಗುಲ. ಮಾದರಿಯಲ್ಲಿ 10 ಮಿಲಿಮೀಟರ್. ನೋಡಲು ಚೆನ್ನಾಗಿಯೇ ಬಂತು. ಈ ಚಾಸಿಯನ್ನು ಮುಂದೆ ಪೂರ್ತಿ ಕಿತ್ತು ಹಾಕಬೇಕಾಯಿತು, ಆ ಕಥೆ ಆಮೇಲೆ ಬರುತ್ತದೆ.

ಟೈರಿನ ಕೆಲಸದಲ್ಲಿ ನನಗೆ ಸಿಕ್ಕಷ್ಟು ಸಂತೋಷ ಬೇರೆ ಯಾವುದರಲ್ಲೂ ಸಿಗಲಿಲ್ಲ. ಗಾಡಿಯ ಟೈರು 10.00-20 ಅಳತೆಯದು, ಹೊರಗಿನ ವ್ಯಾಸ ಒಂದು ಮೀಟರಿಗಿಂತ ತುಸು ಹೆಚ್ಚು, ಮಾದರಿಯಲ್ಲಿ 44 ಮಿಲಿಮೀಟರ್. ಸ್ಟೆಪ್ನಿ ಸೇರಿ ಹನ್ನೊಂದು ಬೇಕು. ನಮ್ಮ ಕಡೆಯ ಹುಡುಗರೆಲ್ಲ ಸವೆದ ಹವಾಯಿ ಚಪ್ಪಲಿಯ ಅಟ್ಟೆ ಕೊಯ್ದು ಆಟದ ಬಂಡಿಗೆ ಗಾಲಿ ಮಾಡಿಕೊಂಡವರೇ, ನಾನೂ ಅದನ್ನೇ ಮಾಡಿದೆ. ಹೊಸ ಚಪ್ಪಲಿಯ ಅಟ್ಟೆಗಿಂತ ಸವೆದದ್ದು ಗಟ್ಟಿಯಾಗಿರುತ್ತದೆ, ಉಜ್ಜಿದಾಗ ಪುಡಿಪುಡಿಯಾಗುವುದಿಲ್ಲ. ಹೋಲ್‌ಸಾ ಬಿಟ್‌ನಿಂದ ದುಂಡಗೆ ಕತ್ತರಿಸಿ, ನಡುವೆ ಬೋಲ್ಟು ಹಾಕಿ ಡ್ರಿಲ್ ಮಷಿನ್ನಿಗೆ ಕಚ್ಚಿಸಿ, ತಿರುಗುವಾಗ 120ರ ವಾಟರ್ ಪೇಪರ್ (ಉಜ್ಜುಕಾಗದ) ಹಿಡಿದು ಟೈರಿನ ಅಂಚನ್ನು ದುಂಡಗೆ ಇಳಿಸಿದೆ. ಮುಂದಿನ ಎರಡಕ್ಕೆ ಉದ್ದ ಗೀರುಗಳನ್ನು ತಿರುಗುವಾಗಲೇ ಗರಗಸದ ಬ್ಲೇಡಿನಿಂದ ಕೊರೆದೆ. ಹಿಂದಿನವಕ್ಕೆ ಅಡ್ಡ ಹಲ್ಲುಗಳನ್ನು ತ್ರಿಕೋನ ಅರದಿಂದ ಒಂದೊಂದಾಗಿ ಹಾಕಿದೆ. ಒಂದು ಟೈರಿಗೆ ಒಂದು ಸಂಜೆ ಹಿಡಿಯಿತು.

ಟೈರು ಕೂರುವ ಡಿಸ್ಕಿಗೆ ಸರಿಹೊಂದುವ ಕೊಳವೆಯನ್ನು ಪ್ಲಂಬಿಂಗ್ ಅಂಗಡಿಯಲ್ಲಿ ಕ್ಯಾಲಿಪರ್ ಹಿಡಿದು ಹುಡುಕಿದೆ. ಬಿಸಿನೀರಿಗೆ ಹಾಕುವ ಮುಕ್ಕಾಲು ಅಂಗುಲದ ಸಿಪಿವಿಸಿ ಪೈಪಿನ ಹೊರವ್ಯಾಸ 22.2 ಮಿಲಿಮೀಟರ್, 24ರಿಂದ ಗುಣಿಸಿದರೆ 533. ಅಂಚು ಸೇರಿಸಿ ನೋಡಿದಾಗ 20 ಅಂಗುಲದ ಡಿಸ್ಕಿಗೆ ಇದು ಹೇಳಿ ಮಾಡಿಸಿದಂತಿದೆ. ಒಂದು ಅಡಿ ತುಂಡಿನಲ್ಲಿ ಹನ್ನೊಂದು ಡಿಸ್ಕುಗಳೂ ಆದವು.

ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳನ್ನು (ಲೀಫ್ ಸ್ಪ್ರಿಂಗ್, ನಮ್ಮ ಕಡೆ ಪಾಟಾ) ಬಿಸ್ಕತ್ತಿನ ಡಬ್ಬಿಯ ತಗಡಿನಿಂದ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ಸಂಡೂರಿನಲ್ಲಿ ನಿಂತ ಗಾಡಿಯಲ್ಲಿ ಹೇಗಿತ್ತೋ ಹಾಗೆಯೇ ಬಾಗಿಸಿ ಕೂರಿಸಿದೆ. ಬಾಡಿಯನ್ನು ಎತ್ತುವ ಹೈಡ್ರಾಲಿಕ್ ಜಾಕ್‌ಗೆ ಹಳೆಯ ಟ್ರಾನ್ಸಿಸ್ಟರ್ ರೇಡಿಯೋದ ಏರಿಯಲ್ ಬಳಸಿದೆ. ಒಂದರೊಳಗೊಂದು ಸೇರುವ ಆ ಕೊಳವೆಗಳು ನಿಜವಾದ ಜಾಕ್‌ನಂತೆಯೇ ಹೊರಬರುತ್ತವೆ. ಈಗ ನಮ್ಮಲ್ಲಿ ಟಿಪ್ಪರಿಗೇ ಹೈವಾ ಎನ್ನುವುದು ರೂಢಿಯಾಗಿದೆ. ಅದು ಈ ಜಾಕ್ ಮಾಡುವ ಡಚ್ ಮೂಲದ ಕಂಪನಿಯ ಹೆಸರು, ಗಾಡಿಯದಲ್ಲ.

ಕ್ಯಾಬಿನ್ ನನ್ನನ್ನು ಎರಡು ತಿಂಗಳು ಹಿಡಿದು ಕೂರಿಸಿತು. ಚಪ್ಪಟೆ ಮುಖದ ಕ್ಯಾಬಿನ್ ನೋಡಲು ಸರಳ, ಆದರೆ ಅದರ ನಾಲ್ಕು ಮೂಲೆಗಳೂ ದುಂಡಗಿವೆ. ಆ ದುಂಡು ಸ್ವಲ್ಪ ತಪ್ಪಿದರೂ ಅದು ಬೇರೆ ಕಂಪನಿಯ ಗಾಡಿಯಂತೆ ಕಾಣುತ್ತದೆ. ಮೂಲೆಗಳಿಗೆ ಸನ್‌ಬೋರ್ಡನ್ನು ಮೂರು ಪದರ ಅಂಟಿಸಿ, ಗಟ್ಟಿಯಾದ ಮೇಲೆ ಅರದಿಂದ ಇಳಿಸಿ, ಪುಟ್ಟಿ ತುಂಬಿ ಮತ್ತೆ ಉಜ್ಜಿದೆ. ಫೋಮಿನ ಸಣ್ಣ ರಂಧ್ರಗಳು ಪುಟ್ಟಿಯಿಲ್ಲದೆ ಮುಚ್ಚುವುದಿಲ್ಲ, ಬಣ್ಣದ ಮೇಲೆ ಸಿಡುಬಿನ ಕಲೆಯಂತೆ ಎದ್ದು ಕಾಣುತ್ತವೆ. ಮುಂಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಿದೆ. ಅವಸರದಲ್ಲಿ ಅದನ್ನು ಸೂಪರ್ ಗ್ಲೂನಿಂದ ಅಂಟಿಸಿ ಕ್ಯಾಬಿನ್ನಿನ ತಳ ಮುಚ್ಚಿಟ್ಟೆ. ಬೆಳಗ್ಗೆ ನೋಡಿದರೆ ಗಾಜಿನ ಒಳಮೈಯೆಲ್ಲ ಬೂದಿ ಉಜ್ಜಿದಂತೆ ಬೆಳ್ಳಗಾಗಿತ್ತು. ಆ ಅಂಟಿನ ಆವಿ ಹೊರಹೋಗಲು ದಾರಿಯಿಲ್ಲದಿದ್ದರೆ ಹತ್ತಿರದ ಮೈಮೇಲೆ ಕೂತು ಗಟ್ಟಿಯಾಗುತ್ತದೆ. ಹಾಳೆ ಕಿತ್ತು ಹೊಸದು ಹಾಕಿ, ಈ ಬಾರಿ ಫೆವಿಕಾಲ್ ಬಳಸಿದೆ. ಅದು ಒಣಗಿದರೆ ಅಂಚಿನಲ್ಲಿ ಕಾಣಿಸುವುದೂ ಇಲ್ಲ.

ಬಣ್ಣದ ಕೆಲಸ ಏಪ್ರಿಲಿಗೆ ಬಂತು. ಬಳ್ಳಾರಿಯ ಏಪ್ರಿಲ್ ಎಂದರೆ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಧ್ಯಾಹ್ನ 40 ಡಿಗ್ರಿ ದಾಟಿದ ಹೊತ್ತಿನಲ್ಲಿ ಮಾಳಿಗೆಯ ಮೇಲೆ ಏರ್‌ಬ್ರಷ್ ಹಿಡಿದು ನಿಂತೆ. ನಳಿಕೆಯಿಂದ ಹೊರಟ ಬಣ್ಣದ ಹನಿ ಕ್ಯಾಬಿನ್ ಮುಟ್ಟುವಷ್ಟರಲ್ಲಿ ಒಣಗಿ ಹೋಗುತ್ತಿತ್ತು. ಮೈಯೆಲ್ಲ ರವೆ ಉದುರಿಸಿದಂತೆ ಒರಟಾಯಿತು. ಉಜ್ಜಿ ತೆಗೆದು, ಮರುದಿನ ಬೆಳಗಿನ ಐದೂವರೆಗೆ ಎದ್ದು, ಎಂಟು ಅಂಗುಲದ ಬದಲು ನಾಲ್ಕೈದು ಅಂಗುಲ ದೂರದಿಂದ, ಥಿನ್ನರಿಗೆ ನಿಧಾನವಾಗಿ ಆರುವ ರಿಟಾರ್ಡರ್ ಸ್ವಲ್ಪ ಬೆರೆಸಿ ಹೊಡೆದಾಗ ಮೈ ನುಣುಪಾಗಿ ಕೂತಿತು. ಅಂದಿನಿಂದ ಬಣ್ಣ ಹೊಡೆಯುವುದೆಲ್ಲ ಸೂರ್ಯ ಏಳುವ ಮುನ್ನವೇ.

ಎರಡನೆಯ ಪೆಟ್ಟು ಇದಕ್ಕಿಂತ ದೊಡ್ಡದು. ಕ್ಯಾಬಿನ್ನಿಗೆ ಅರಿಶಿನ ಹಳದಿಯ ಎನಾಮೆಲ್ ಹೊಡೆದಿದ್ದೆ. ಅದಕ್ಕೆ ಹತ್ತರಲ್ಲಿ ಒಂದು ಪಾಲು ಬಿಳಿ ಸೇರಿಸಿದ್ದೆ, ಏಕೆಂದರೆ ದೊಡ್ಡ ಗಾಡಿಯ ಬಣ್ಣವನ್ನೇ ಪುಟ್ಟ ಮಾದರಿಗೆ ಹಚ್ಚಿದರೆ ಕಣ್ಣಿಗೆ ಅದು ಗಾಢವಾಗಿ ಕಾಣುತ್ತದೆ. ಎರಡು ದಿನ ಬಿಟ್ಟು, ಹೊಳಪು ಬರಲೆಂದು ಅದರ ಮೇಲೆ ಎನ್‌ಸಿ ಕ್ಲಿಯರ್, ಅಂದರೆ ನೈಟ್ರೊಸೆಲ್ಯುಲೋಸಿನ ಪಾರದರ್ಶಕ ಲ್ಯಾಕರ್, ಹೊಡೆದೆ. ಹತ್ತು ನಿಮಿಷದೊಳಗೆ ಹಳದಿಯೆಲ್ಲ ಕಾದಾರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತು. ಅದನ್ನು ಕಾಗದದಲ್ಲಿ ಸುತ್ತಿಕೊಂಡು, ಲಾರಿಗಳಿಗೆ ಬಣ್ಣ ಹೊಡೆಯುವ ಹಿರಿಯ ಪೇಂಟರ್ ಒಬ್ಬರಲ್ಲಿಗೆ ಹೋದೆ. ಅವರು ಉಗುರಿನಿಂದ ಒಮ್ಮೆ ಕೆರೆದು ನೋಡಿ, “ಎನ್‌ಸಿ ಮ್ಯಾಲೆ ಎನಾಮೆಲ್ ಕುಂದರ್ತೈತೆ ತಮ್ಮಾ, ಎನಾಮೆಲ್ ಮ್ಯಾಲೆ ಎನ್‌ಸಿ ಕುಂದ್ರಲ್ಲ” ಎಂದರು. ಎನ್‌ಸಿ ಥಿನ್ನರ್ ಬಲವಾದದ್ದು; ಪೂರ್ತಿ ಗಟ್ಟಿಯಾಗದ ಎನಾಮೆಲ್‌ನೊಳಗೆ ಇಳಿದು ಅದನ್ನು ಉಬ್ಬಿಸಿ ಎಬ್ಬಿಸುತ್ತದೆ. ಪಿವಿಸಿಯನ್ನೂ ಅದು ಕಚ್ಚುತ್ತದೆ, ಆದ್ದರಿಂದ ಬಣ್ಣ ಕರಗಿಸಿ ತೆಗೆಯುವ ದಾರಿಯೂ ನನಗಿರಲಿಲ್ಲ. 400, 800, 1000ರ ವಾಟರ್ ಪೇಪರುಗಳಲ್ಲಿ ನಾಲ್ಕು ದಿನ ನೀರು ಹಾಕಿ ಉಜ್ಜಿ, ಪ್ರೈಮರಿನಿಂದ ಮತ್ತೆ ಶುರು ಮಾಡಿದೆ. ಈ ಸಲ ಎನಾಮೆಲ್‌ನ ಮೇಲೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಕ್ಲಿಯರ್ ಹಾಕಿದೆ, ಅದೂ ಒಂದು ವಾರ ಕಾದು.

ಬಾಡಿಯ ಮೇಲಿನ ಬರಹವನ್ನು ಕೈಯಲ್ಲೇ ಬರೆದೆ. ಮುಂಗಾಜಿನ ಮೇಲಿನ ಪಟ್ಟಿಯಲ್ಲಿ “ಶ್ರೀ ಕನಕ ದುರ್ಗಮ್ಮ ಪ್ರಸನ್ನ”, ಹಿಂಬಾಗಿಲಿನಲ್ಲಿ “ನಿಧಾನವೇ ಪ್ರಧಾನ”, ಎರಡೂ ಮಾವನ ಗಾಡಿಯಲ್ಲಿದ್ದವೇ. ನಾಲ್ಕಂಗುಲದ ಅಕ್ಷರ ಇಲ್ಲಿ ನಾಲ್ಕು ಮಿಲಿಮೀಟರ್ ಆಗುತ್ತದೆ. ದುರ್ಗಮ್ಮನ ಅರ್ಕಾವತ್ತಿಗೆ ಮತ್ತು ಮ ಒತ್ತಿಗೆ ಉಳಿಯುವ ಜಾಗ ಒಂದೊಂದು ಮಿಲಿಮೀಟರ್. ಮೂರು ಸೊನ್ನೆಯ ಬ್ರಷ್ಷಿನಲ್ಲಿ, ಒಂದು ಅಕ್ಷರ ಬರೆದು ಉಸಿರು ಬಿಟ್ಟು ಇನ್ನೊಂದು ಬರೆದೆ. ಲಾರಿಗಳ ಮೇಲೆ ಬರೆಯುವವರು ಅಕ್ಷರದ ತಲೆಕಟ್ಟನ್ನು ದಪ್ಪ ಮಾಡಿ, ಬಲಕ್ಕೆ ಮತ್ತು ಕೆಳಕ್ಕೆ ನೆರಳು ಕೊಡುತ್ತಾರೆ. ಆ ನೆರಳು ಎರಡನೆಯ ಸುತ್ತಿನಲ್ಲಿ, ಕೆಂಪಿನಲ್ಲಿ. ಪ್ರತಿಫಲಿಸುವ ಸ್ಟಿಕ್ಕರನ್ನು ನೂಲಿನಂತೆ ಕತ್ತರಿಸಿ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಅಂಟಿಸಿದೆ.

ಮೇ ಕೊನೆಯ ಹೊತ್ತಿಗೆ ಗಾಡಿ ನಿಂತಿತು. ಥರ್ಮೊಕೋಲ್ ತುಂಡನ್ನು ಗುಡ್ಡದಂತೆ ಕೆತ್ತಿ, ಬಾಡಿಯ ಅಂಚಿನಿಂದ ಮೇಲೇಳುವಂತೆ ಕೂರಿಸಿ, ಅದರ ಮೇಲೆ ಉಸುಕು ಅಂಟಿಸಿ ಕೆಂಪು ಬಣ್ಣ ಹೊಡೆದು ಅದಿರು ಎಂದುಕೊಂಡಿದ್ದೆ. ಸಂಡೂರಿಗೆ ಒಯ್ದು ಮಾವನ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಕ್ಯಾಬಿನ್ ಮೆಚ್ಚಿದರು, ಟೈರಿನ ಮೇಲೆ ಬೆರಳಾಡಿಸಿದರು. ಆಮೇಲೆ, “ಅಳಿಯಾ, ಗಾಡಿ ನಮ್ದೇ. ಆದ್ರ ಇದು ಗರಸು ಹೊಡಿಯೋ ಗಾಡಿ ಆಗೈತೆ. ಅದಿರು ಗಾಡಿ ಹಿಂಗ ಇರಲ್ಲ” ಎಂದರು. ಗರಸು ಅಂದರೆ ಜಲ್ಲಿ ಬೆರೆತ ಮಣ್ಣು.

“ಯಾಕೆ ಮಾವಾ?” ಎಂದೆ.

“ಇಷ್ಟು ಎತ್ತರ ಅದಿರು ತುಂಬಿದ್ರ ಪಾಟಾ ಮುರದು ಮಲಕ್ಕೊಳ್ತಿತ್ತು. ಮತ್ತ ಅದಿರು ಕೆಂಪಗ ಎಲ್ಲೈತೆ? ಧೂಳು ಕೆಂಪಗೈತೆ.”

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಒಟ್ಟು 25 ಟನ್ನಿನಲ್ಲಿ ಗಾಡಿಯದೇ ತೂಕ ಸುಮಾರು 10 ಟನ್ ಕಳೆದರೆ ಅದಿರಿಗೆ ಉಳಿಯುವುದು 15. ಒಡೆದ ಕಬ್ಬಿಣದ ಅದಿರು ಒಂದು ಘನ ಮೀಟರಿಗೆ ಸುಮಾರು 2.4 ಟನ್ ತೂಗುತ್ತದೆ. ಹಾಗಾದರೆ 15 ಟನ್ ಅಂದರೆ ಆರೂ ಕಾಲು ಘನ ಮೀಟರ್. ಬಾಡಿ ಹಿಡಿಯುವುದು ಹದಿಮೂರಕ್ಕೂ ಹೆಚ್ಚು. ಅಂದರೆ ನಿಯಮದ ಪ್ರಕಾರ ತುಂಬಿದ ಅದಿರು ಗಾಡಿಯ ಬಾಡಿ ಅರ್ಧವೂ ತುಂಬಿರುವುದಿಲ್ಲ. ಆ ವರ್ಷಗಳಲ್ಲಿ ಗಾಡಿಗಳು ಮಿತಿಮೀರಿದ ಭಾರ ಹೊತ್ತು ಓಡಿದ್ದು ಲೋಕಾಯುಕ್ತರ ವರದಿಯಲ್ಲೂ ಇದೆ. ಹಾಗಿದ್ದರೂ ಅಂಚು ಮೀರಿದ ಗುಡ್ಡ ಅಸಾಧ್ಯ. ಪಕ್ಕದಲ್ಲಿ ನಿಂತು ನೋಡುವವರಿಗೆ ತುಂಬಿದ ಅದಿರು ಗಾಡಿ ಖಾಲಿಯಂತೆಯೇ ತೋರುತ್ತದೆ. ಭಾರ ಎಷ್ಟಿದೆಯೆಂದು ಹೇಳುವುದು ಕಮಾನು ಪಟ್ಟಿ ಮತ್ತು ಟೈರು. ನಾನಾದರೋ ಖಾಲಿ ನಿಂತ ಗಾಡಿಯ ಬಾಗಿದ ಪಟ್ಟಿಗಳನ್ನು ನೋಡಿಕೊಂಡು ಬಂದು, ಹಾಗೆಯೇ ಮಾಡಿ, ಮೇಲೆ ಗುಡ್ಡ ಹೇರಿದ್ದೆ.

ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ಉದ್ದ 24 ಪಟ್ಟು ಕಡಿಮೆಯಾದರೆ ಗಾತ್ರ 24ರ ಘನದಷ್ಟು, ಅಂದರೆ 13,824 ಪಟ್ಟು ಕಡಿಮೆಯಾಗುತ್ತದೆ. 15 ಟನ್ನನ್ನು ಅದರಿಂದ ಭಾಗಿಸಿದರೆ 1.085 ಕಿಲೋ. ನನ್ನ ಮಾದರಿಯಲ್ಲಿ ನಿಜವಾದ ಅದಿರನ್ನೇ ಹಾಕಿದರೆ ಅರ್ಧ ಲೀಟರಿಗಿಂತ ಕಡಿಮೆ ಜಾಗದಲ್ಲಿ ಒಂದು ಕಿಲೋ ಎಂಬತ್ತೈದು ಗ್ರಾಂ ಕೂರುತ್ತದೆ, ಮತ್ತು ಅದು ಸರಿಯಾದ ಭಾರ. ಇದು ತಿಳಿದ ಮೇಲೆ ಥರ್ಮೊಕೋಲಿಗೆ ಮನಸ್ಸು ಒಪ್ಪಲಿಲ್ಲ.

ಮಾವನ ಗಾಡಿಯ ಬಾಡಿಯ ಮೂಲೆಗಳಲ್ಲಿ ಹಳೆಯ ಅದಿರು ಗಟ್ಟಿಯಾಗಿ ಕೂತಿತ್ತು. ಕೆರೆದು ಒಂದೂವರೆ ಕಿಲೋದಷ್ಟು ತಂದೆ. ಕಲ್ಲಿನ ಒರಳಿನಲ್ಲಿ ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದೆ. ಕ್ರಷರ್‌ನಲ್ಲಿ ಒಡೆದು ಬರುವ ಅದಿರಿನ ತುಂಡುಗಳು 10ರಿಂದ 30 ಮಿಲಿಮೀಟರ್. ಮಾದರಿಗೆ ಅರ್ಧದಿಂದ ಒಂದೂ ಕಾಲು ಮಿಲಿಮೀಟರಿನ ಕಾಳು ಬೇಕು, ಅಂದರೆ ಸಣ್ಣ ರವೆಯಿಂದ ಗಸಗಸೆಯವರೆಗಿನ ಗಾತ್ರ. ಜರಡಿಯಾದದ್ದನ್ನು ಸ್ಟೀಲ್ ತಟ್ಟೆಯಲ್ಲಿ ಹಾಕಿ ಅಕ್ಕಿ ತೊಳೆದಂತೆ ತೊಳೆದೆ. ಮೊದಲ ನೀರು ಕುಂಕುಮ ಕದಡಿದಂತೆ ಬಂತು. ಅದನ್ನು ಚೆಲ್ಲದೆ ಬಕೆಟ್ಟಿಗೆ ಬಸಿದೆ. ಎರಡನೆಯದು, ಮೂರನೆಯದು ಹಾಗೆಯೇ ಕೆಂಪು. ಏಳನೆಯದರಲ್ಲಿ ತಟ್ಟೆಯ ತಳ ಕಾಣಿಸಿತು. ಒಂಬತ್ತನೆಯ ನೀರು ತಿಳಿಯಾದಾಗ ತಟ್ಟೆಯಲ್ಲಿ ಉಳಿದದ್ದು ಕಪ್ಪು ನೀಲಿ ಹೊಳಪಿನ ಕಾಳು, ಹೊಸ ಗರಗಸದ ಬ್ಲೇಡಿನ ಬಣ್ಣ. ಒಂದು ಕಾಳನ್ನು ಪಿಂಗಾಣಿ ಬಟ್ಟಲಿನ ತಳದ ಒರಟು ಅಂಚಿಗೆ ಒತ್ತಿ ಗೀಚಿದೆ. ಕಪ್ಪು ಕಾಳಿನಿಂದ ರಕ್ತದಂಥ ಕೆಂಪು ಗೆರೆ ಬಂತು.

ನಮ್ಮ ಸಂಡೂರಿನ ಅದಿರು ಹೆಮಟೈಟ್. ದಪ್ಪ ಕಾಳಾಗಿದ್ದಾಗ ಉಕ್ಕಿನ ಕಪ್ಪು, ನುಣ್ಣಗೆ ಪುಡಿಯಾದಾಗ ಕೆಂಪು, ಕಲ್ಲು ಒಂದೇ. ಇದೇ ಗುಡ್ಡಗಳಲ್ಲಿ ಪುಡಿಪುಡಿಯಾಗಿಯೇ ಸಿಗುವ ಒಳ್ಳೆಯ ದರ್ಜೆಯ ಅದಿರಿಗೆ ಗಣಿಯವರು ಬ್ಲೂ ಡಸ್ಟ್ ಎನ್ನುತ್ತಾರೆ. ಕೈಯಲ್ಲಿ ಉಜ್ಜಿದರೆ ಅಂಗೈ ಕೆಂಪಾಗುತ್ತದೆ. ನಾನು ಚಾಸಿಗೆ ಹೊಡೆದಿದ್ದ ರೆಡ್ ಆಕ್ಸೈಡ್ ಪ್ರೈಮರಿನ ಕೆಂಪೂ ಕಬ್ಬಿಣದ ಆಕ್ಸೈಡೇ. ಬಕೆಟ್ಟಿನ ನೀರು ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನದನ್ನು ಬಸಿದು, ತಳದ ಕೆಸರನ್ನು ದಿನಪತ್ರಿಕೆಯ ಮೇಲೆ ಒಣಹಾಕಿದೆ. ಅವ್ವ ಅದನ್ನು ನೋಡಿ, “ಕೆಮ್ಮಣ್ಣು ಎಲ್ಲಿಂದ ತಂದಿ? ಕಟ್ಟೆಗೆ ಬಳಿಯಾಕ ಒಂಚೂರು ಕೊಡು” ಎಂದಳು. ಒಂದೇ ಬೊಗಸೆಯಿಂದ ಸರಕಿಗೆ ಕಪ್ಪು ಕಾಳು, ಮೈಗೆ ಕೆಂಪು ಧೂಳು, ಎರಡೂ ಸಿಕ್ಕವು.

ತೂಕ ಮಾಡಿ 1,085 ಗ್ರಾಂ ಕಾಳನ್ನು ಬಾಡಿಗೆ ಸುರಿದೆ. ಲೋಡರ್ ಬಕೆಟ್ಟಿನಿಂದ ಸುರಿದಾಗ ಒಂದೇ ಗುಡ್ಡ ಆಗುವುದಿಲ್ಲ, ಎರಡು ಮೂರು ದಿಬ್ಬಗಳಾಗುತ್ತವೆ; ಚಮಚದಿಂದ ಹಾಗೆಯೇ ಮೂರು ಕಡೆ ಸುರಿದೆ. ನೋಡುತ್ತ ಕೂತರೆ ಕಣ್ಣು ತಣಿಯಿತು. ಹತ್ತು ದಿನಗಳ ಮೇಲೆ ಪಕ್ಕದಿಂದ ನೋಡಿದಾಗ ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದಿ ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿತ್ತು. ಸ್ಕೇಲ್ ಹಿಡಿದರೆ ಸನ್‌ಬೋರ್ಡಿನ ಚಾಸಿ ನಡುವೆ ಮೂರು ಮಿಲಿಮೀಟರ್ ಜಗ್ಗಿತ್ತು. ನಿರಂತರ ಭಾರಕ್ಕೆ, ಅದೂ ಬೇಸಿಗೆಯ ಕೋಣೆಯಲ್ಲಿ, ಆ ಹಾಳೆ ನಿಧಾನವಾಗಿ ಬಾಗುತ್ತಲೇ ಹೋಗುತ್ತದೆ. ಭಾರ ಇಳಿಸಿದರೂ ಅದು ಹಿಂದಿರುಗಲಿಲ್ಲ.

ಕಿಟಕಿ, ಬಾಗಿಲು ಮಾಡುವ ಅಲ್ಯೂಮಿನಿಯಂ ಅಂಗಡಿಯಲ್ಲಿ 10 ಮಿಲಿಮೀಟರಿನ ಯು ಚಾನೆಲ್ ಕೊಂಡು, ಅದರ ಎರಡು ರೆಕ್ಕೆಗಳನ್ನೂ 3 ಮಿಲಿಮೀಟರಿಗೆ ಅರದಿಂದ ಇಳಿಸಿದೆ. ಅಚ್ಚರಿಯೆಂದರೆ ಇದು ಮೊದಲಿನದಕ್ಕಿಂತ ನಿಜವಾದ ತೊಲೆಗೆ ಹತ್ತಿರವಾಗಿ ಕಂಡಿತು, ಏಕೆಂದರೆ ಅಂಚು ಚೂಪಾಗಿತ್ತು. ಅಡ್ಡ ತೊಲೆಗಳನ್ನು ಸಣ್ಣ ಮೊಳೆ ಹಾಕಿ ಅರಾಲ್ಡೈಟಿನಿಂದ ಬಿಗಿದೆ. ಅದಕ್ಕೆ ಮುಂಚೆ ಅಲ್ಯೂಮಿನಿಯಂ ಮೈಯನ್ನು ಉಜ್ಜಿ ಒರಟು ಮಾಡದಿದ್ದರೆ ಅಂಟು ಸಿಪ್ಪೆಯಂತೆ ಎದ್ದುಬರುತ್ತದೆ. ಅದೇ ಕೈಯಲ್ಲಿ ಕಮಾನು ಪಟ್ಟಿಗಳನ್ನೂ ಬಿಚ್ಚಿ, ಬಹುತೇಕ ನೆಟ್ಟಗಾಗುವಂತೆ ತಟ್ಟಿ ಕೂರಿಸಿದೆ. ಹಿಂದಿನ ಎಂಟು ಟೈರುಗಳ ತಳವನ್ನು ಅರ್ಧ ಮಿಲಿಮೀಟರ್ ಚಪ್ಪಟೆ ಮಾಡಿ, ನೆಲ ಮುಟ್ಟುವ ಜಾಗದ ಎರಡೂ ಬದಿಗೆ ಪುಟ್ಟಿಯಿಂದ ತುಸು ಉಬ್ಬು ಕೊಟ್ಟೆ. ಬಾಡಿ ಮೊದಲಿಗಿಂತ ನಾಲ್ಕು ಮಿಲಿಮೀಟರ್ ಕೆಳಗೆ ಕೂತಿತು. ಗಾಡಿಗೆ ಭಾರ ಬಂದದ್ದು ಆಗ.

ಧೂಳು ಹಾಕುವ ಮುನ್ನ ಮೈಯ ಹೊಳಪನ್ನು ಮ್ಯಾಟ್ ಕ್ಲಿಯರಿನಿಂದ ಮುಚ್ಚಬೇಕು. ನುಣುಪಾದ ಮೈಮೇಲೆ ಪುಡಿ ನಿಲ್ಲುವುದಿಲ್ಲ. ನಾನು ಮೊದಲು ಒಂದು ಬಾಗಿಲಿನ ಮೇಲೆ ಪರೀಕ್ಷೆ ಮಾಡಿದೆ. ಪುಡಿ ಉದುರಿಸಿ ಅದರ ಮೇಲೆ ಕ್ಲಿಯರ್ ಹೊಡೆದಾಗ ಅರ್ಧಕ್ಕಿಂತ ಹೆಚ್ಚು ಕೆಂಪು ಮಾಯವಾಗಿ ಉಳಿದದ್ದು ಕಂದಾಯಿತು, ಮಳೆ ಬಿದ್ದ ಮಣ್ಣಿನಂತೆ. ಆದ್ದರಿಂದ ಒಣ ಬ್ರಷ್ಷಿನಲ್ಲಿ ಪುಡಿ ಹಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲಿನ ಹನಿಯನ್ನು ಅಂಚಿನಿಂದ ಹರಿಯಲು ಬಿಟ್ಟೆ. ಅದು ಆರಿದಾಗ ಪುಡಿ ತನ್ನ ಬಣ್ಣದಲ್ಲೇ ಕಚ್ಚಿಕೊಳ್ಳುತ್ತದೆ. ಬೆರಳು ತಾಗಿದರೆ ಮಾತ್ರ ಬರುತ್ತದೆ. ಮಡ್‌ಗಾರ್ಡಿನ ಒಳಗೆ, ಗಟ್ಟಿಯಾಗಿ ನಿಲ್ಲಬೇಕಾದ ಕಡೆ, ಪುಡಿಯನ್ನು ಮ್ಯಾಟ್ ಕ್ಲಿಯರಿನಲ್ಲೇ ಕಲಸಿ ಕೆಸರಿನಂತೆ ಚುಚ್ಚಿದೆ. ಈ ಕೆಲಸವೆಲ್ಲ ಮಾಸ್ಕ್ ಹಾಕಿಕೊಂಡೇ ಮಾಡಿದ್ದು. ಗಣಿಯ ಧೂಳು ಪುಪ್ಪುಸದಲ್ಲಿ ಏನು ಮಾಡುತ್ತದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ.

ಎಲ್ಲೆಡೆ ಒಂದೇ ಸಮ ಧೂಳು ಹಾಕುವುದು ನೋಡುಗರಿಗೆ ತಕ್ಷಣ ತಿಳಿಯುವ ತಪ್ಪು. ಅದಿರು ಗಾಡಿಯ ಧೂಳು ಗಾಲಿಯ ಹಿಂದೆ ದಪ್ಪ, ಬಾಡಿಯ ಅಡ್ಡ ಪಟ್ಟಿಗಳ ಮೇಲ್ಮೈಯಲ್ಲಿ ಸಾಲಾಗಿ, ಕ್ಯಾಬಿನ್ನಿನ ಬೆನ್ನಿಗೆ ಮಂಕಾಗಿ, ಮುಖದ ಮೇಲೆ ತೆಳುವಾಗಿ ಕೂರುತ್ತದೆ. ಡೀಸೆಲ್ ಟ್ಯಾಂಕಿನ ಮುಚ್ಚಳದ ಕೆಳಗೆ ಎಣ್ಣೆ ಸುರಿದ ಜಾಗದಲ್ಲಿ ಅದು ಕಪ್ಪಾಗಿ ಅಂಟಿರುತ್ತದೆ. ವೈಪರ್ ಓಡಿದ ಎರಡು ಅರ್ಧಚಂದ್ರಗಳಲ್ಲಿ ಗಾಜು ಸ್ವಚ್ಛ. ಅದಕ್ಕೆ ವೈಪರಿನ ಅಳತೆಯ ಕಾಗದ ಕತ್ತರಿಸಿ ಗಾಜಿನ ಮೇಲಿಟ್ಟು ಪುಡಿ ಹಾಕಿ, ಆಮೇಲೆ ತೆಗೆದೆ.

ಜುಲೈ ಎರಡನೆಯ ವಾರ ಮತ್ತೆ ಸಂಡೂರಿಗೆ ಒಯ್ದೆ. ಮಾವ ಎರಡೂ ಕೈಯಲ್ಲಿ ಎತ್ತಿ, ತೂಕ ನೋಡಿ, ಬಗ್ಗಿ ಪಟ್ಟಿಗಳನ್ನು ನೋಡಿದರು. “ಈಗ ತುಂಬೈತೆ” ಎಂದರು. ಆಮೇಲೆ ಬಲಗಡೆಯ ಬಾಗಿಲನ್ನು ತೋರಿಸಿ, ಕಿಟಕಿಯ ಅಂಚಿನಲ್ಲಿ ಇಷ್ಟು ಧೂಳು ಹೇಗೆ ನಿಲ್ಲುತ್ತದೆ ಎಂದು ಕೇಳಿದರು. ಡ್ರೈವರ್ ದಿನವಿಡೀ ಮೊಳಕೈ ಇಟ್ಟುಕೊಳ್ಳುವ ಜಾಗ ಅದು. ಬೇವಿನ ಮರದ ಕೆಳಗಿನ ಗಾಡಿಯ ಹತ್ತಿರ ಹೋಗಿ ನೋಡಿದೆವು. ಬಲಬಾಗಿಲಿನ ಕಿಟಕಿಯ ಅಂಚಿನಲ್ಲಿ, ಅಂಗೈ ಅಗಲದಷ್ಟು, ಹಳದಿ ಬಣ್ಣ ಸವೆದು ತಗಡು ಕಾಣುತ್ತಿತ್ತು. ಮನೆಗೆ ಬಂದು, ಹತ್ತಿ ಸುತ್ತಿದ ಕಡ್ಡಿಯನ್ನು ಒದ್ದೆ ಮಾಡಿ ಆ ನಾಲ್ಕು ಮಿಲಿಮೀಟರ್ ಜಾಗದ ಧೂಳು ಒರೆಸಿ, ಪೆನ್ಸಿಲ್ಲಿನ ಸೀಸದಿಂದ ಅಂಚಿಗೆ ತಗಡಿನ ಹೊಳಪು ಉಜ್ಜಿದೆ. ಇನ್ನು ತಾಡಪಾಲು ಹೊಲಿಯುವುದೊಂದು ಬಾಕಿ ಇದೆ. ಹಳೆಯ ಕೊಡೆಯ ಬಟ್ಟೆ ತೆಗೆದಿಟ್ಟಿದ್ದೇನೆ.